ಚಪ್ಪಟೆ ಬ್ಲೇಡಿಗೆ ಇಬ್ಬರು, ಸುರುಳಿ ಬ್ಲೇಡಿಗೆ ಒಬ್ಬ

ನಮ್ಮ ಕಸುಬಿಗೆ ಹೊಸದಾಗಿ ಬರುವವರು ಕೇಳುವ ಮೊದಲ ಪ್ರಶ್ನೆ ಒಂದೇ: ಸ್ಕ್ರೋಲ್ ಮಿಷನ್ನಿಗೆ ಚಪ್ಪಟೆ ಬ್ಲೇಡು ಹಾಕಬೇಕೋ, ಸುರುಳಿ ಬ್ಲೇಡು ಹಾಕಬೇಕೋ? ಕೇಳಿದವರು ಒಂದು ಮಾತಿನ ಉತ್ತರಕ್ಕೆ ಕಾಯುತ್ತಾರೆ. ನಾನೂ ಒಂದು ಕಾಲದಲ್ಲಿ ಒಂದೇ ಮಾತಿನಲ್ಲಿ ಉತ್ತರ ಬರೆದುಕೊಟ್ಟವನೇ. ಅದರಿಂದ ಏನಾಯಿತು ಎಂಬುದನ್ನು ಹೇಳದೆ ಬ್ಲೇಡಿನ ಮಾತು ಎತ್ತುವುದು ಈಗ ನನ್ನಿಂದ ಆಗುವುದಿಲ್ಲ. ಅವಸರವಿದ್ದವರು ಅಂಗಡಿಯವನನ್ನು ಕೇಳಬಹುದು. ಅವನ ಹತ್ತಿರ ಯಾವುದು ಉಳಿದಿದೆಯೋ ಅದೇ ಒಳ್ಳೆಯದು ಅನ್ನುತ್ತಾನೆ.

ನಾನು ಚಾಮರಾಜನಗರದಲ್ಲಿ, ಆಮೇಲೆ ಗುಂಡ್ಲುಪೇಟೆಯಲ್ಲಿ, ಮರಗೆಲಸದ ಸರ್ಕಾರಿ ತರಬೇತಿ ಕೇಂದ್ರವೊಂದರಲ್ಲಿ ಜಾಲರಿ ಕೊಯ್ಯುವ ಕೆಲಸ ಮಾಡಿದವನು. ದೇವರ ಮನೆಯ ಬಾಗಿಲು, ಕಿಟಕಿಯ ಮೇಲಿನ ಜಾಲರಿ, ಕಚೇರಿಗಳ ಮುಂದೆ ಹಾಕುವ ಮರದ ಅಕ್ಷರ, ಇಂಥವು. ಬಡ್ತಿ ಎರಡು ಸಲ ಬಂತು. ಎರಡು ಸಲವೂ ಅದೇ ಸ್ಟೂಲು, ಅದೇ ಮಿಷನ್ನು. ಆ ಕಥೆ ಯಾರಿಗೂ ಬೇಡ. ಮದುವೆ ಆಗಲಿಲ್ಲ, ಯಾಕೆ ಆಗಲಿಲ್ಲ ಎಂಬುದೂ ಇಲ್ಲಿ ಬೇಡ. ಸಂತೇಮರಹಳ್ಳಿ ರಸ್ತೆಯ ಕಡೆ ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೌ, ಒಂದು ರೇಡಿಯೋ ಇಷ್ಟೇ ನನ್ನ ಸಂಸಾರ. ಕೆಲಸದ ಹೊತ್ತು ಬಿಟ್ಟರೆ ನನ್ನ ಜೊತೆ ಮಾತಾಡುವವರು ಇರಲಿಲ್ಲ. ಭಾನುವಾರ ಬಂದರೆ ನನಗೆ ಭಯವಾಗುತ್ತಿತ್ತು.

ಮಿಷನ್ನಿನ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಹೊಲಿಗೆ ಮಿಷನ್ನಿನ ಸೂಜಿ ಮೇಲೆ ಕೆಳಗೆ ಆಡುವ ಹಾಗೆ ಇಲ್ಲಿ ಒಂದು ತೆಳು ಬ್ಲೇಡು ಆಡುತ್ತದೆ. ಕೆಳಗೆ ಕಬ್ಬಿಣದ ಮೇಜು, ಹಿಂದಿನಿಂದ ಬಂದ ಉದ್ದನೆಯ ತೋಳು. ಮರದಲ್ಲಿ ಎಷ್ಟು ಕಿಂಡಿ ಬೇಕೋ ಅಷ್ಟು ತೂತು ಕೊರೆದು, ಪ್ರತಿ ತೂತಿಗೂ ಬ್ಲೇಡು ಬಿಚ್ಚಿ, ತೂರಿಸಿ, ಮತ್ತೆ ಬಿಗಿದು ಕೊಯ್ಯಬೇಕು. ಒಂದು ಬಾಗಿಲಿಗೆ ಇನ್ನೂರು ಕಿಂಡಿ ಇದ್ದರೆ ಇನ್ನೂರು ಸಲ ಬಿಚ್ಚು, ಇನ್ನೂರು ಸಲ ಕಟ್ಟು. ತಾಳ್ಮೆ ಇಲ್ಲದವರು ಈಗಲೇ ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು.

ಚಪ್ಪಟೆ ಬ್ಲೇಡಿಗೆ ಹಲ್ಲು ಇರುವುದು ಮುಂದಿನ ಕಡೆ ಮಾತ್ರ. ಗೆರೆ ಎಡಕ್ಕೆ ತಿರುಗಿದರೆ ಹಲಗೆಯನ್ನೇ ತಿರುಗಿಸಬೇಕು. ಅಂಗೈ ಅಗಲದ ಚೂರಾದರೆ ಒಬ್ಬನೇ ತಿರುಗಿಸಬಹುದು. ಮೂರಡಿ ಹಲಗೆಯಾದರೆ ಅದರ ಆ ತುದಿ ಮಿಷನ್ನಿನ ತೋಳಿಗೆ ಬಡಿಯುತ್ತದೆ, ಇಲ್ಲವೇ ತನ್ನ ಭಾರಕ್ಕೆ ತಾನೇ ಜಗ್ಗಿ ಬ್ಲೇಡನ್ನು ಪಟ್ಟನೆ ಮುರಿಯುತ್ತದೆ. ಆದ್ದರಿಂದ ಆ ತುದಿಯಲ್ಲಿ ಇನ್ನೊಬ್ಬ ನಿಂತು ಹಲಗೆಯನ್ನು ಹೊತ್ತು ತಿರುಗಿಸಬೇಕು. ನಮ್ಮ ಕೇಂದ್ರದಲ್ಲಿ ಆ ಇನ್ನೊಬ್ಬ ಕುದೇರಿನ ರಾಚಯ್ಯ.

ರಾಚಯ್ಯ ನನ್ನ ಓರಗೆಯವನು. ದಿನಗೂಲಿಯ ಮೇಲೆ ಬಂದವನು ಹನ್ನೊಂದು ವರ್ಷವಾದರೂ ದಿನಗೂಲಿಯಲ್ಲೇ ಇದ್ದ. ಬೆಳಿಗ್ಗೆ ಮೊದಲ ಬಸ್ಸಿಗೆ ಕುದೇರಿನಿಂದ ಬಂದು, ನಾನು ಬರುವ ಹೊತ್ತಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು, ಮೇಜು ಒರೆಸಿ ಇಟ್ಟಿರುತ್ತಿದ್ದ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಬ್ಲೇಡನ್ನು ತಲೆಕೆಳಗಾಗಿ ಹಾಕಿದ್ದೆ. ಹಲ್ಲು ಕೆಳಮುಖವಾಗಿರಬೇಕು ಎಂಬುದು ಗೊತ್ತಿದ್ದೂ ಮರೆತೆ. ಮಿಷನ್ ಹಾಕಿದ ಕೂಡಲೇ ಹಲಗೆ ಎಗರಿ ನನ್ನ ಗಲ್ಲಕ್ಕೆ ಬಿತ್ತು. ರಾಚಯ್ಯ ಆ ತುದಿಯನ್ನು ಬಿಡದೆ ಹಿಡಿದುಕೊಂಡೇ, "ಅಲಗೆಗೂ ನಿನ್ ಮಕ ಇಷ್ಟ ಆಗ್ನಿಲ್ಲ ಕಣ್ಲಾ ನಂಜುಂಡ" ಎಂದ. ನಾನು ರಕ್ತ ಒರೆಸಿಕೊಂಡು ನಕ್ಕೆ. ಅಂದಿನಿಂದ ನಾವಿಬ್ಬರೂ ಲಾ ಅಂದುಕೊಳ್ಳುವಷ್ಟು ಹತ್ತಿರದವರಾದೆವು.

ಚಪ್ಪಟೆ ಬ್ಲೇಡಿನ ಗುಟ್ಟನ್ನೂ ಹೇಳಿಬಿಡುತ್ತೇನೆ. ಅದು ನೇರ ಹೋಗುವುದಿಲ್ಲ. ಕಾರ್ಖಾನೆಯಲ್ಲಿ ಹಲ್ಲು ಕೊರೆದಾಗ ಒಂದು ಅಂಚಿನಲ್ಲಿ ಉಳಿಯುವ ಲೋಹದ ಜುಂಗಿನಿಂದಾಗಿ ಅದು ಯಾವಾಗಲೂ ಬಲಕ್ಕೆ ಕೊಂಚ ಎಳೆಯುತ್ತದೆ. ಹಲಗೆಯನ್ನು ಅಷ್ಟೇ ಓರೆಯಾಗಿ ಹಿಡಿದರೆ ಮಾತ್ರ ಗೆರೆ ಸರಿ ಬರುತ್ತದೆ. ಆ 'ಅಷ್ಟೇ' ಎಷ್ಟು ಎಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಬಿಗಿಯಾಯಿತೇ ಇಲ್ಲವೇ ಎಂದು ನೋಡಲು ಬ್ಲೇಡನ್ನು ಉಗುರಿನಿಂದ ಮೀಟಬೇಕು. ಟಿಣ್ ಎಂದರೆ ಸರಿ, ಟಬ್ ಎಂದರೆ ಸಡಿಲ. ಇವನ್ನೆಲ್ಲ ರಾಚಯ್ಯ ನನ್ನಷ್ಟೇ ಬಲ್ಲವನಾಗಿದ್ದ. ನಾನು ಹಲಗೆಯ ಮೇಲೆ ಎಡಗೈ ಹೆಬ್ಬೆರಳನ್ನು ಒತ್ತಿದರೆ ಸಾಕು, ಅವನಿಗೆ ಆ ತುದಿಯಲ್ಲಿ ಗೊತ್ತಾಗಿ ತಿರುಗಿಸುತ್ತಿದ್ದ. ಬಾಯಲ್ಲಿ ಹೇಳಬೇಕಾಗಿರಲಿಲ್ಲ. ಬಾಯಿ ಅವನಿಗೆ ಬೇರೆ ಕೆಲಸಕ್ಕೆ ಬೇಕಾಗಿತ್ತು. ಎಮ್ಮೆ ಹಾಲು ಬಿಟ್ಟದ್ದು, ಊರಿನಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟದ್ದು, ಹೆಂಡತಿ ಪುಟ್ಟತಾಯಮ್ಮ ಬೆಳಿಗ್ಗೆ ಏನೆಂದು ಬೈದದ್ದು, ಎಲ್ಲವನ್ನೂ ಮಿಷನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಹೇಳುತ್ತಿದ್ದ. ನಾನು ಕೊಯ್ಯುತ್ತಾ ಕೇಳುತ್ತಿದ್ದೆ. ನೋಡದ ಎಮ್ಮೆಯ ಮೇಲೆ ನನಗೆ ಪ್ರೀತಿ ಹುಟ್ಟಿತ್ತು.

ನಮ್ಮಿಬ್ಬರ ದೊಡ್ಡ ಎಡವಟ್ಟು ಬೇಗೂರಿನ ಒಂದು ಮನೆಯ ಬಾಗಿಲಿನದು. ದೇವರ ಮನೆಗೆ ಎರಡು ಕದ, ಒಂದೊಂದು ಕದಕ್ಕೂ ಒಂದೊಂದು ನವಿಲು. ಒಂದನ್ನೊಂದು ನೋಡುವ ಹಾಗಿರಬೇಕು. ನಾವು ಒಂದೇ ನಕ್ಷೆಯನ್ನು ಎರಡು ಹಲಗೆಗೂ ಅಂಟಿಸಿ ಮೂರು ದಿನ ಕೊಯ್ದು, ಕೊನೆಗೆ ಪಕ್ಕಪಕ್ಕ ಇಟ್ಟು ನೋಡಿದರೆ ಎರಡು ನವಿಲೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು, ಬಸ್ಸಿಗೆ ಕಾಯುವವರ ಹಾಗೆ. ರಾಚಯ್ಯ ಸ್ವಲ್ಪ ಹೊತ್ತು ತಲೆ ಕೆರೆದು, "ಆರ್‍ಪಾರ್ ಕುಯ್ದಿರದಲ್ವಲಾ, ಒಂದ್ನ ಮಗುಚಾಕು" ಎಂದ. ಅಷ್ಟೇ. ಆರ್‌ಪಾರ್ ಎಂದರೆ ಈ ಬದಿಯಿಂದ ಆ ಬದಿಗೆ ತೂರಿ ಕೊಯ್ದ ಜಾಲರಿಗೆ ಹಿಂದು ಮುಂದು ಎಂಬುದಿಲ್ಲ. ಆದರೆ ಹಲ್ಲು ಕೆಳಮುಖವಾಗಿರುವುದರಿಂದ ಹಿಂಬದಿಯಲ್ಲಿ ಮರ ನಾರುನಾರಾಗಿ ಎದ್ದಿರುತ್ತದೆ. ಮಗುಚಿದ ಕದವನ್ನು ಒಂದು ದಿನ ಪೂರ್ತಿ ಉಪ್ಪುಕಾಗದ ಹಾಕಿ ಉಜ್ಜಿದೆವು. ಬೇಗೂರಿನ ಯಜಮಾನರು ಬಂದು ಬಹಳ ಹೊತ್ತು ನೋಡಿ, "ಈ ಕಡೀದು ವಸಿ ಸೊರಗದಂಗದಲ್ಲಾ" ಎಂದರು. "ಎಣ್ ನವುಲು ಸ್ವಾಮಿ" ಎಂದ ರಾಚಯ್ಯ. ಅವರು ಒಪ್ಪಿಕೊಂಡು ತೆಗೆದುಕೊಂಡು ಹೋದರು. ಹೆಣ್ಣು ನವಿಲಿಗೆ ಅಂಥ ಗರಿ ಇರುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ನಮ್ಮ ಸೂಪರಿಂಟೆಂಡೆಂಟ್ ಅನಂತಯ್ಯ ಮೈಸೂರಿನವರು. ಕೆಟ್ಟ ಮನುಷ್ಯರಲ್ಲ, ಆದರೆ ಕಾಗದದ ಮನುಷ್ಯರು. ಬಾಯಲ್ಲಿ ಹೇಳಿದ್ದು ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ನಲ್ಲಿ ಸೋರುತ್ತಿದೆ ಎಂದರೂ "ಬರೆದು ಕೊಡಿ" ಅನ್ನುತ್ತಿದ್ದರು. ತೊಂಬತ್ತರ ದಶಕದ ನಡುವೆ, ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯ ತಾಲ್ಲೂಕಾಗಿದ್ದಾಗ, ಅವರು ಬೆಂಗಳೂರಿನ ಯಾವುದೋ ತರಬೇತಿಗೆ ಹೋಗಿ ಬಂದು ನನ್ನ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟರು. "ಸುರುಳಿ ಬ್ಲೇಡಂತೆ ನಂಜುಂಡ, ನೋಡಿ" ಎಂದರು. ಬಿಚ್ಚಿದರೆ ಚಪ್ಪಟೆ ಬ್ಲೇಡನ್ನೇ ಹುರಿ ಹೊಸೆದ ಹಾಗೆ ಹೊಸೆದಿದ್ದರು. ಸುತ್ತಲೂ ಹಲ್ಲು. ಮೊದಲ ದಿನ ಎರಡು ಮುರಿದೆ. ತುದಿಯೂ ಹೊಸೆದಿರುವುದರಿಂದ ಅದನ್ನು ಕಚ್ಚುವ ಹಿಡಿಕೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಹೆಚ್ಚು ಬಿಗಿಯಬೇಕು, ಹೆಚ್ಚು ಬಿಗಿದರೆ ತುಂಡಾಗುತ್ತದೆ. ಬೇಜಾರಾಗಿ ಡ್ರಾಯರಿಗೆ ಹಾಕಿದೆ. ತಿಂಗಳುಗಟ್ಟಲೆ ಅಲ್ಲೇ ಇತ್ತು.

ಆ ವರ್ಷ ಶಿವರಾತ್ರಿಗೆ ರಾಚಯ್ಯ ನಾಲ್ಕು ದಿನ ರಜೆ ಹಾಕಿ ಊರಿನವರ ಜೊತೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋದ. ಇಂಥ ರಜೆಯಲ್ಲಿ ನಾನು ಚಿಕ್ಕಪುಟ್ಟ ಕೆಲಸ ಮಾಡಿಕೊಂಡಿರುತ್ತಿದ್ದೆ. ಆ ಸಲ ಮೂರೂವರೆ ಅಡಿಯ ಹೊನ್ನೆ ಹಲಗೆಯೊಂದು ಅರ್ಧಕ್ಕೆ ನಿಂತಿತ್ತು. ಬಳ್ಳಿ, ಎಲೆ, ಹೂವಿನ ಜಾಲರಿ. ಮಾತಿಲ್ಲದೆ ಕೂರಲು ಆಗದೆ, ಪೊಟ್ಟಣ ತೆಗೆದು ಸುರುಳಿ ಬ್ಲೇಡು ಕಟ್ಟಿದೆ.

ಮಧ್ಯಾಹ್ನದ ಹೊತ್ತಿಗೆ ಕೈಗೆ ಹತ್ತಿತು. ಹಲಗೆಯನ್ನು ತಿರುಗಿಸುವುದೇ ಬೇಡ. ಮುಂದಕ್ಕೆ, ಹಿಂದಕ್ಕೆ, ಎಡಕ್ಕೆ, ಬಲಕ್ಕೆ ಸರಿಸಿದರೆ ಸಾಕು, ಆ ಕಡೆಯೇ ಕೊಯ್ಯುತ್ತದೆ. ಸ್ಲೇಟಿನ ಮೇಲೆ ಬರೆದ ಹಾಗೆ. ಹಲಗೆಯ ಆ ತುದಿ ಒಂದು ಮುಕ್ಕಾಲಿಯ ಮೇಲೆ ಸುಮ್ಮನೆ ಮಲಗಿತ್ತು. ಎರಡೇ ದಿನದಲ್ಲಿ ಜಾಲರಿ ಮುಗಿಸಿಬಿಟ್ಟೆ. ಅಂಚು ಸ್ವಲ್ಪ ಒರಟು, ಗೆರೆ ಸ್ವಲ್ಪ ದಪ್ಪ, ಆದರೆ ಬಳ್ಳಿಯಲ್ಲಿ ಅದೆಲ್ಲ ಯಾರಿಗೆ ಕಾಣುತ್ತದೆ? ಅನಂತಯ್ಯ ಬಂದು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಒಬ್ಬರೇ ಮಾಡಿದಿರಾ? ಬರೆದು ಕೊಡಿ" ಎಂದರು.

ಬರೆದುಕೊಟ್ಟೆ. ಆ ವಾಕ್ಯ ನನಗೆ ಇವತ್ತಿಗೂ ಬಾಯಿಪಾಠ. "ಸುರುಳಿ ಬ್ಲೇಡಿನಲ್ಲಿ ಹಲಗೆಯನ್ನು ತಿರುಗಿಸುವ ಅಗತ್ಯವಿಲ್ಲದ ಕಾರಣ ಇನ್ನೊಬ್ಬರ ಸಹಾಯವಿಲ್ಲದೆ ಒಬ್ಬನೇ ಕೆಲಸ ಮಾಡಬಹುದು." ಬರೆಯುವಾಗ ಹೆಮ್ಮೆಯಿಂದ ಎದೆ ಉಬ್ಬಿತ್ತು. ನಾನು ಎಷ್ಟು ಜಾಣ ಎಂದು ಬರೆಯುತ್ತಿದ್ದೆನೇ ಹೊರತು ಆ 'ಇನ್ನೊಬ್ಬರು' ಯಾರು ಎಂದು ಒಂದು ಗಳಿಗೆ ಯೋಚಿಸಲಿಲ್ಲ. ಯೋಚಿಸಿದ್ದರೆ ಈ ಬರಹ ಬರೆಯುವ ಕೆಲಸವಿರುತ್ತಿರಲಿಲ್ಲ.

ಮಾರನೆಯ ದಿನ ರಾಚಯ್ಯ ಕಾಲಿನ ಬೊಬ್ಬೆಗಳ ಜೊತೆ ವಾಪಸು ಬಂದು ನನಗೆ ವಿಭೂತಿ ಕೊಟ್ಟ. ಜಾಲರಿ ನೋಡಿ, "ನಾನಿಲ್ದೇನೆ ಮುಗಿಸ್ಬುಟ್ಟಾ?" ಎಂದ. ಖುಷಿಯಾಗಿಯೇ ಕೇಳಿದ. ನಾನೂ ಖುಷಿಯಾಗಿಯೇ ಹೇಗೆ ಕೊಯ್ದೆ ಎಂದು ತೋರಿಸಿದೆ. ವರದಿಯ ಮಾತು ಎತ್ತಲಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ಹೇಳುವಂಥ ವಿಷಯ ಎಂದೇ ಅನ್ನಿಸಲಿಲ್ಲ.

ಒಂದು ತಿಂಗಳಾದ ಮೇಲೆ ಅನಂತಯ್ಯ ನನ್ನನ್ನು ಕೋಣೆಗೆ ಕರೆದರು. ನನ್ನ ವರದಿಯನ್ನು ಅವರು ಮೇಲಿನ ಕಚೇರಿಗೆ ಕಳಿಸಿದ್ದರು, ಅಲ್ಲಿಂದ ಪತ್ರ ಬಂದಿತ್ತು. ಹಳೆಯ ದಿನಗೂಲಿಯವರನ್ನು ಖಾಯಂ ಮಾಡುವ ಪಟ್ಟಿಯಲ್ಲಿ ರಾಚಯ್ಯನ ಹೆಸರು ಹೋಗಿತ್ತು. ಆ ಹೆಸರಿನ ಮುಂದೆ ಒಂದು ಪ್ರಶ್ನೆ ಹಾಕಿ ಕಳಿಸಿದ್ದರು: ಒಬ್ಬನೇ ಮಾಡಬಹುದಾದ ಕೆಲಸಕ್ಕೆ ಸಹಾಯಕ ಏಕೆ? ಆ ಬ್ಲೇಡು ಎಲ್ಲದಕ್ಕೂ ಆಗುವುದಿಲ್ಲ, ನೇರ ಗೆರೆಗೆ ನಿಲ್ಲುವುದಿಲ್ಲ, ಮೂಲೆ ಚೂಪಾಗಿ ಬರುವುದಿಲ್ಲ, ಮೊದಲು ಬರೆದದ್ದು ಅವಸರದ್ದು, ಇನ್ನೊಂದು ವರದಿ ಕೊಡುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ. ಎಲ್ಲವೂ ನಿಜವೇ. ಅನಂತಯ್ಯ ನಿಧಾನವಾಗಿ, "ಆಗ ಒಬ್ಬ ನಂಜುಂಡ ಬರೆದ, ಈಗ ಒಬ್ಬ ನಂಜುಂಡ ಬರೀತಾನೆ. ನಾನು ಯಾರನ್ನು ನಂಬಲಿ?" ಎಂದರು. ಆಮೇಲೆ ಕನಿಕರವಾಯಿತೇನೋ. ಹಿರಿಯ ಅಧಿಕಾರಿಗಳು ಮುಂದಿನ ವಾರ ಬರುತ್ತಾರೆ, ಅವರ ಎದುರಿಗೇ ಎರಡೂ ಬ್ಲೇಡಿನಲ್ಲಿ ಒಂದೇ ಜಾಲರಿ ಕೊಯ್ದು ತೋರಿಸಿ, ಯಾವುದು ಉತ್ತಮ ಎಂದು ಅವರೇ ಹೇಳಲಿ, ನಕ್ಷೆ ನಿಮ್ಮ ಇಷ್ಟದ್ದು ಎಂದರು.

ರಾಚಯ್ಯನಿಗೆ ನಾನು ಅರ್ಧ ಮಾತ್ರ ಹೇಳಿದೆ. ಇಬ್ಬರು ಬೇಕೋ ಒಬ್ಬ ಸಾಕೋ ಎಂದು ಮೇಲಿನ ಸಾಹೇಬರು ಬಂದು ನೋಡುತ್ತಾರಂತೆ, ಅದರ ಮೇಲೆ ನಿನ್ನ ಖಾಯಂ ನಿಂತಿದೆ ಎಂದೆ. ಆ ಪ್ರಶ್ನೆ ಎಲ್ಲಿಂದ ಹುಟ್ಟಿತು ಎಂದು ಅವನು ಕೇಳಲಿಲ್ಲ. ನಾನು ಹೇಳಲಿಲ್ಲ. "ಯೋಚ್ನೆ ಮಾಡ್ಬೇಡ ಕಣ, ನಾವಿಬ್ರೂ ಸೇರ್ಕಂಡು ಕುಯ್ದ್ರೆ ಯಾವ್ ಬ್ಲೇಡ್ಗೆ ಸೋಲ್ತೀವಿ" ಎಂದ.

ನಕ್ಷೆಯನ್ನು ನಾನು ಬೇಕೆಂದೇ ಆರಿಸಿದೆ. ಬಳ್ಳಿಯಿಲ್ಲ, ಹೂವಿಲ್ಲ, ಬರೀ ಚೌಕಳಿ. ನೇರ ಗೆರೆ, ಚೂಪು ಮೂಲೆ. ಸುರುಳಿ ಬ್ಲೇಡಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಸುತ್ತಲೂ ಹಲ್ಲಿರುವುದರಿಂದ ಮರದ ನಾರು ಎತ್ತ ಎಳೆದರೆ ಅತ್ತ ಹೋಗುತ್ತದೆ, ನೇರ ಗೆರೆ ಹಾವಾಗುತ್ತದೆ. ಸಾಹೇಬರಿಗೆ ಒಂದು ನೋಟಕ್ಕೇ ಗೊತ್ತಾಗಬೇಕು. ರಾಚಯ್ಯನ ಕೆಲಸ ಉಳಿಯಬೇಕು. ಅಲ್ಲಿಯವರೆಗೆ ನನ್ನ ಲೆಕ್ಕ ಸರಿಯಾಗಿಯೇ ಇತ್ತು.

ಸಾಹೇಬರು ಬಂದರು. ಮೊದಲು ಚಪ್ಪಟೆ ಬ್ಲೇಡು. ರಾಚಯ್ಯ ಅವತ್ತು ಒಗೆದ ಅಂಗಿ ಹಾಕಿಕೊಂಡು ಬಂದಿದ್ದ, ಒಂದು ಮಾತೂ ಆಡಲಿಲ್ಲ. ನಾನು ಹೆಬ್ಬೆರಳು ಒತ್ತಿದ ಕಡೆ ಹಲಗೆ ತಿರುಗಿತು. ಒಂದೊಂದು ಚೌಕವೂ ಕಟ್ಟಿಟ್ಟ ಹಾಗೆ ಬಂತು. ಸಾಹೇಬರು ತಲೆದೂಗಿದರು.

ಆಮೇಲೆ ಸುರುಳಿ ಬ್ಲೇಡು. ರಾಚಯ್ಯ ಗೋಡೆಗೆ ಒರಗಿ ನಿಂತ. ನಾನು ಸ್ಟೂಲಿನ ಮೇಲೆ ಕೂತೆ. ನಾನು ಮಾಡಬೇಕಾಗಿದ್ದದ್ದು ಬಹಳ ಸುಲಭ. ಕೈಯನ್ನು ಸ್ವಲ್ಪ ಸಡಿಲ ಬಿಟ್ಟರೆ ಸಾಕಾಗಿತ್ತು, ಬ್ಲೇಡು ತಾನಾಗಿಯೇ ಕೆಡಿಸುತ್ತಿತ್ತು. ನಾನು ಕೆಡಿಸಬೇಕಾಗಿಯೂ ಇರಲಿಲ್ಲ. ಆದರೆ ಸಾಹೇಬರು ಬೆನ್ನ ಹಿಂದೆ ಬಂದು ನಿಂತು, ಅನಂತಯ್ಯನವರಿಗೆ, "ಇದರಲ್ಲಿ ನೇರ ಗೆರೆ ಯಾರಿಂದಲೂ ಆಗಲ್ಲ ಅಂತಾರಲ್ಲ, ನೋಡೋಣ" ಎಂದರು. ಆ 'ಯಾರಿಂದಲೂ' ನನ್ನ ಕಿವಿಯೊಳಗೆ ಇಳಿಯಿತು.

ಕೈ ತಾನಾಗಿಯೇ ಬಿಗಿಯಾಯಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಕೈ ನನ್ನದೇ, ನಾನು ಹೇಳಿದ ಹಾಗೇ ಕೇಳಿತು. ಉಸಿರು ಹಿಡಿದು, ನಾರು ಎಳೆಯುವ ಕಡೆಗೆ ಎದುರು ಒತ್ತು ಕೊಟ್ಟು, ಒಂದೊಂದು ಅಂಗುಲಕ್ಕೂ ನಿಲ್ಲಿಸಿ ನಿಲ್ಲಿಸಿ ಕೊಯ್ದೆ. ಮೂಲೆಗೆ ಬಂದಾಗ ಹಿಂದಕ್ಕೆ ಸರಿದು ಎದುರು ದಿಕ್ಕಿನಿಂದ ಬಂದು ಮೂಲೆ ಚೂಪು ಮಾಡಿದೆ. ಬೇರೆ ಯಾರು ಕೊಯ್ದಿದ್ದರೂ ಅವತ್ತು ಸೋಲುತ್ತಿದ್ದ ಬ್ಲೇಡು ನನ್ನ ಕೈಯಲ್ಲಿ ಗೆದ್ದಿತು. ಎರಡು ಜಾಲರಿಗಳನ್ನು ಪಕ್ಕಪಕ್ಕ ಇಟ್ಟಾಗ ಸಾಹೇಬರಿಗೆ ವ್ಯತ್ಯಾಸ ಕಾಣಲಿಲ್ಲ. "ಶಹಭಾಸ್" ಎಂದು ನನ್ನ ಬೆನ್ನು ತಟ್ಟಿದರು. ಹೇಳಲು ನಾಚಿಕೆಯಾಗುತ್ತದೆ, ಆ ಒಂದು ಗಳಿಗೆ ನನಗೆ ಬಹಳ ಸಂತೋಷವಾಗಿತ್ತು.

ಸಾಹೇಬರು ಹೋದ ಮೇಲೆ ರಾಚಯ್ಯ ಹತ್ತಿರ ಬಂದು, ಜಾಲರಿಯ ಅಂಚಿನ ಮೇಲೆ ಬೆರಳಾಡಿಸಿ, "ಚೆಂದಾಗ್ ಬಂದದೆ ಕಣ್ಲಾ" ಎಂದ. ವ್ಯಂಗ್ಯವಲ್ಲ. ಒಳ್ಳೆಯ ಕೆಲಸ ಕಂಡರೆ ಅವನು ಯಾವಾಗಲೂ ಹಾಗೇ ಹೇಳುತ್ತಿದ್ದ.

ಆದೇಶ ಬರಲು ಮೂರು ವಾರ ಹಿಡಿಯಿತು. ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ, ದಿನಗೂಲಿಯೂ ನಿಂತಿತು. ಕೊನೆಯ ದಿನವೂ ಅವನು ಎಣ್ಣೆ ಬಿಟ್ಟು ಮೇಜು ಒರೆಸಿದ. ಸಂಜೆ ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಬಸ್ಸು ಹತ್ತುವ ಮುಂಚೆ ನನ್ನ ತೋಳು ಹಿಡಿದು, "ನೀನ್ ನನಗೋಸ್ಕರ ಎಷ್ಟ್ ವದ್ದಾಡ್ದೆ ಅಂತ ನಂಗೊತ್ತು ಬುಡು. ಮನ್ಸಿಗಚ್ಕಬ್ಯಾಡ" ಎಂದ. ಅಲ್ಲೇ ಹೇಳಿಬಿಡಬೇಕಾಗಿತ್ತು. ಬಸ್ಸಿನಲ್ಲಿ ಜನ ಇದ್ದರು, ಕಂಡಕ್ಟರ್ ಸೀಟಿ ಊದಿದ, ಇನ್ನೊಂದು ದಿನ ಕುದೇರಿಗೇ ಹೋಗಿ ಹೇಳೋಣ ಅಂದುಕೊಂಡೆ. ಹೇಡಿಗೆ ನೆವಗಳಿಗೇನು ಬರ.

ಚಾಮರಾಜನಗರ ಜಿಲ್ಲೆಯಾಯಿತು. ಕಟ್ಟಡಗಳೆಲ್ಲ ಹೊಸ ಕಚೇರಿಗಳಿಗೆ ಬೇಕಾದವು. ನಮ್ಮ ವಿಭಾಗವನ್ನು ಗುಂಡ್ಲುಪೇಟೆಗೆ ಸಾಗಿಸಿದರು. ವಿಭಾಗ ಎಂದರೆ ಆ ಮಿಷನ್ನು ಮತ್ತು ನಾನು. ಹೆದ್ದಾರಿಯ ಬದಿಯಲ್ಲಿ ಒಂದು ಶೆಡ್ಡು, ಹಿಂದೆ ನನಗೊಂದು ಕೋಣೆ. ಊಟಿ ಕಡೆಯ ಬಸ್ಸುಗಳು, ವಯನಾಡಿನ ಲಾರಿಗಳು ಹಗಲೆಲ್ಲ ಹೋಗುತ್ತಿದ್ದವು. ಎದುರಿನ ಮಲಯಾಳಿ ಹೋಟೆಲಿನಲ್ಲಿ ಮೂರು ಹೊತ್ತೂ ತಿನ್ನುತ್ತಿದ್ದೆ. ಆ ಹೋಟೆಲಿನವನಿಗೆ ಕನ್ನಡ ಅಷ್ಟಕ್ಕಷ್ಟೆ, ನನಗೆ ಮಲಯಾಳಂ ಅಷ್ಟೂ ಇಲ್ಲ. "ಚಾಯ?" ಎಂದು ಅವನು, "ಹೂಂ" ಎಂದು ನಾನು. ಕೆಲವು ದಿನ ಅದೊಂದೇ ಸಂಭಾಷಣೆ. ಆ ವರ್ಷಗಳಲ್ಲಿ ನಾನು ಕೊಯ್ದಷ್ಟು ಜಾಲರಿ ಹಿಂದೆಂದೂ ಕೊಯ್ದಿರಲಿಲ್ಲ. ಎಲ್ಲವೂ ಸುರುಳಿ ಬ್ಲೇಡಿನಲ್ಲಿ, ಎಲ್ಲವೂ ಒಬ್ಬನೇ. ವರದಿಯಲ್ಲಿ ಬರೆದ ಹಾಗೆಯೇ ನಡೆಯಿತು.

ಅಷ್ಟು ವರ್ಷದ ಅನುಭವದ ಮೇಲೆ ಬ್ಲೇಡಿನ ಪ್ರಶ್ನೆಗೆ ಉತ್ತರ ಕೊಡಬಲ್ಲೆ. ಅಕ್ಷರ, ಚೌಕಳಿ, ಒಂದಕ್ಕೊಂದು ಕೂರಬೇಕಾದ ತುಂಡು, ದಪ್ಪ ಮರ, ಇವಕ್ಕೆ ಚಪ್ಪಟೆ. ಮಿಷನ್ನಿನಲ್ಲಿ ತಿರುಗದ ದೊಡ್ಡ ಹಲಗೆ, ಎಲೆ, ಮುಖ, ಗೆರೆ ಕೊಂಚ ಅಲ್ಲಾಡಿದ್ದೇ ಚೆಂದ ಅನ್ನಿಸುವ ಚಿತ್ರ, ಇವಕ್ಕೆ ಸುರುಳಿ. ಸುರುಳಿ ಕೊಯ್ದ ದಾರಿ ಅಗಲ, ಆದ್ದರಿಂದ ಕಿಂಡಿಗಳ ನಡುವಿನ ಮರವನ್ನು ಒಂದು ಗೆರೆ ದಪ್ಪವೇ ಬಿಡಿ, ಇಲ್ಲದಿದ್ದರೆ ಉಜ್ಜುವಾಗ ಮುರಿಯುತ್ತದೆ. ನಿಮ್ಮ ಜೊತೆ ಇನ್ನೊಬ್ಬ ಇದ್ದರೆ ಚಪ್ಪಟೆಯನ್ನೇ ಹಾಕಿ. ಇದು ಕಸುಬಿನ ಸಲಹೆಯಲ್ಲ ಎಂದು ಯಾರಾದರೂ ಅಂದರೆ ಅನ್ನಲಿ.

ಒಮ್ಮೆ ಹಂಗಳದ ಶಾಲೆಯವರು ದೊಡ್ಡ ಹಲಗೆಯಲ್ಲಿ ಅಕ್ಷರಗಳನ್ನು ಕೊಯ್ದುಕೊಡಿ ಎಂದರು. ಅಕ್ಷರಕ್ಕೆ ಚಪ್ಪಟೆಯೇ ಬೇಕು. ಬಹಳ ಕಾಲದ ಮೇಲೆ ಕಟ್ಟಿದೆ. ಅರ್ಧ ಗಂಟೆ ಕೊಯ್ದಿರಬೇಕು, ಹೆಬ್ಬೆರಳು ಒತ್ತಿ ಕಾದೆ. ಹಲಗೆ ತಿರುಗಲಿಲ್ಲ. "ತಿರುಗ್ಸ್ಲಾ" ಎಂದು ಜೋರಾಗಿಯೇ ಅಂದೆ. ಆ ತುದಿ ಮುಕ್ಕಾಲಿಯಿಂದ ಜಾರಿ ಬ್ಲೇಡು ಮುರಿಯಿತು. ಹಲಗೆ ತಂದವರು ಬಾಗಿಲಲ್ಲೇ ನಿಂತಿದ್ದರು. "ಯಾರ್ಗ್ ಏಳ್ತಿದ್ದೀರಿ ಮಾಸ್ಟ್ರೆ?" ಎಂದು ಕೇಳಿದರು. ಮಿಷನ್ನಿಗೆ ಎಂದೆ.

ಪುಟ್ಟತಾಯಮ್ಮನ ತವರು ಗುಂಡ್ಲುಪೇಟೆಯ ಕಡೆ. ರಾಚಯ್ಯನ ಕೆಲಸ ಹೋಗಿ ನಾಲ್ಕು ವರ್ಷವಾಗಿತ್ತು. ಅವಳ ಅಣ್ಣ ಒಂದು ದಿನ ಬಸ್ ನಿಲ್ದಾಣದಲ್ಲಿ ಸಿಕ್ಕ. ರಾಚಯ್ಯ ಹೇಗಿದ್ದಾನೆ ಎಂದು ಕೇಳಿದೆ. ಕೂಲಿಗೆ ಹೋಗುತ್ತಾನೆ, ಹೊಲದ ಆರಂಬ ನೋಡಿಕೊಳ್ಳುತ್ತಾನೆ ಎಂದ. ಆಮೇಲೆ ನಕ್ಕುಕೊಂಡು, "ಅಂಗೈಲಿದ್ದ ಸರ್ಕಾರಿ ಕೆಲ್ಸನ ನಾಕ್ ದಿನ ಬೆಟ್ಟುಕ್ಕೋಗಿ ಕಳ್ಕಂಡನಲ್ಲ ಸಾ. ಇವ್ನು ಆಕಡೆ ವೋದ, ಅವ್ರು ಈಕಡೆ ಇವ್ನಿಲ್ದೆನೂ ನಡೀತದೆ ಅಂತ ಕಂಡ್ಕಬುಟ್ರು. ನಮ್ ಪುಟ್ಟತಾಯಿ ಈಗ್ಲೂ ಅಂತಾಳೆ. ಅವ್ನೂ ನನ್ದೇ ತಪ್ಪು ಅಂತಾನೆ. ಅವತ್ನಿಂದ ಬೆಟ್ಟುದ್ ದಾರಿನೇ ತುಳ್ದಿಲ್ಲ" ಎಂದ.

ನಾನು ಕೋಣೆಗೆ ಬಂದು ಮಂಚದ ಮೇಲೆ ಕೂತೆ. ನನ್ನ ತಪ್ಪಿನಿಂದ ಅವನ ಕೆಲಸ ಹೋಯಿತು ಎಂಬುದನ್ನು ಹೇಗೋ ಹೊತ್ತುಕೊಂಡಿದ್ದೆ. ಆ ತಪ್ಪನ್ನು ನಾಲ್ಕು ವರ್ಷದಿಂದ ಅವನು ಹೊತ್ತುಕೊಂಡಿದ್ದಾನೆ ಎಂದು ನನಗೆ ಗೊತ್ತೇ ಇರಲಿಲ್ಲ. ಅದರ ಮೇಲೆ ದೇವರನ್ನೂ ಬಿಟ್ಟಿದ್ದ. ಭಾನುವಾರ ಮೊದಲ ಬಸ್ಸು ಹತ್ತಿದೆ.

ಕುದೇರಿನಲ್ಲಿ ಅವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪುಟ್ಟತಾಯಮ್ಮ ಅಂಗಳದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟು, "ಅಯ್, ನಂಜುಂಡಣ್ಣ, ಈಗ್ ದಾರಿ ಕಾಣ್ತಾ ನಿಮ್ಗೆ? ಬನ್ನಿ ಅಣ್ಣ" ಎಂದು ಚಾಪೆ ಹಾಕಿದಳು. ಒಳಗಿನಿಂದ ಬಂದ ರಾಚಯ್ಯ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಕಪ್ಪಾಗಿದ್ದ, ಸೊರಗಿದ್ದ. ಇಬ್ಬರೂ ಜಗುಲಿಯ ಮೇಲೆ ಕೂತೆವು. ಅವನು ಮಿಷನ್ನು ಹೇಗಿದೆ ಎಂದು ಕೇಳಿದ. ಮನುಷ್ಯರ ಕ್ಷೇಮ ಕೇಳಿದ ಹಾಗೆ ಕೇಳಿದ.

ಸುತ್ತಿ ಬಳಸಿ ಹೇಳಿದರೆ ಹೇಳುವುದೇ ಇಲ್ಲ ಎಂದು ಗೊತ್ತಿತ್ತು. ಒಬ್ಬ ಸಾಕು ಎಂದು ಬರೆದುಕೊಟ್ಟದ್ದು ನಾನು ಎಂದೆ. ನೀನು ಬೆಟ್ಟಕ್ಕೆ ಹೋದದ್ದಕ್ಕಲ್ಲ, ನಾನು ಕಾಗದದಲ್ಲಿ ಬರೆದದ್ದಕ್ಕೆ ಹೋಯಿತು ಎಂದೆ. ಸಾಹೇಬರ ಎದುರು ಸುರುಳಿ ಬ್ಲೇಡಿನಲ್ಲಿ ನೇರ ಗೆರೆ ಕೊಯ್ದದ್ದೂ ಶಹಭಾಸ್‌ಗಿರಿಯ ಆಸೆಗೆ ಎಂದೆ. ಅವನು ನನ್ನ ಕೈ ಬಿಟ್ಟ. ಆಮೇಲೆ, ಬೈಯುತ್ತಾನೆ ಅಂದುಕೊಂಡರೆ, ಅವನ ಮುಖ ಸಡಿಲವಾಯಿತು. "ಬಾಮ್ಮಿ ಇಲ್ಲಿ" ಎಂದು ಹೆಂಡತಿಯನ್ನು ಕೂಗಿದ. "ಇವ್ನೇನೋ ಏಳ್ತಾನೆ, ಕೇಳ್ಕ. ಏಳ್ಲಾ ನಂಜುಂಡ, ಇವ್ಳಿಗೂ ಏಳು."

ಇನ್ನೊಂದು ಸಲ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು. ಪುಟ್ಟತಾಯಮ್ಮ ನಿಂತುಕೊಂಡೇ ಕೇಳಿದಳು. ಮುಗಿದ ಮೇಲೆ ರಾಚಯ್ಯ ಅವಳಿಗೆ, "ಕೇಳುಸ್ಕಂಡಾ? ಬೆಟ್ಟುಕ್ ಓದದ್ದುಕ್ಕಲ್ಲ. ಮಾದಪ್ಪಂದೂ ತಪ್ಪಲ್ಲ, ನನ್ದೂ ತಪ್ಪಲ್ಲ" ಎಂದ. ಅದನ್ನೇ ಎರಡು ಸಲ ಹೇಳಿದ. ಅವನ ಕಣ್ಣಲ್ಲಿ ನೀರಿತ್ತು. ನನ್ನನ್ನು ಕ್ಷಮಿಸಿದ ಅಂದುಕೊಂಡು ನನ್ನ ಎದೆ ಹಗುರವಾಗುತ್ತಿತ್ತು.

ಆಗ ಅವನು ನನ್ನ ಕಡೆ ತಿರುಗಿದ. "ಬರ್ದದ್ದು ಇರ್ಲಿ ಬುಡು, ನಿಂಗೂ ಗೊತ್ತಾಗ್ನಿಲ್ಲ. ಕುಯ್ದದ್ದೂ ಇರ್ಲಿ, ನಾನಾಗಿದ್ರೂ ಚೆಂದಾಗೇ ಕುಯ್ತಿದ್ದೆ. ಆದ್ರೆ ನಾಕ್ ವರ್ಸ ಕಣ್ಲಾ. ನಾಕ್ ವರ್ಸ ಇವ್ಳ ಕೈಲಿ ಅನ್ನುಸ್ಕಂಡು, ಊರೋರ್ ಕೈಲಿ ಅನ್ನುಸ್ಕಂಡು ಕೂತಿದ್ನಲ್ಲ. ಅವತ್ತು ಬಸ್ ತಾವ ಒಂದ್ ಮಾತು ಏಳುದ್ರೆ ನಿಂದೇನ್ ಓಯ್ತಿತ್ತು?"

ರಾಚಯ್ಯ ಎದ್ದು ಒಳಗೆ ಹೋದ, ಮತ್ತೆ ಹೊರಗೆ ಬರಲಿಲ್ಲ. ಪುಟ್ಟತಾಯಮ್ಮ ಮೊರ ಕೈಗೆತ್ತಿಕೊಂಡು, ನನ್ನ ಮುಖ ನೋಡದೆ, "ಬಸ್ಸಿಗೆ ಹೊತ್ತಾಯ್ತದೆ ಮಾಸ್ಟ್ರೆ" ಎಂದಳು.

ಬಸ್ಸು ಬರುವುದಕ್ಕೆ ಇನ್ನೂ ಎರಡು ಗಂಟೆಯಿತ್ತು. ಅದು ಅವಳಿಗೂ ಗೊತ್ತಿತ್ತು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋಗಿ ರಸ್ತೆಯ ಬದಿಯಲ್ಲಿ ನಿಂತುಕೊಂಡೆ.